ಮಕ್ಕಳಿಗೆ ಇಂಗ್ಲಿಷ್ ಅಕ್ಷರದ ಹೆಸರು ಮೊದಲೋ, ಶಬ್ದ ಮೊದಲೋ?

ನಾಲ್ಕು ವರ್ಷದ ಮಗುವಿಗೆ ಎಬಿಸಿಡಿ ಪೂರ್ತಿ ಬಾಯಿಗೆ ಬರುತ್ತದೆ, ಆದರೆ ‘ಕ್ಯಾಟ್’ ಪದ ತೋರಿಸಿದರೆ ‘ಸಿ-ಎ-ಟಿ’ ಅಂತ ಹೇಳಿ ನಿಂತುಬಿಡುತ್ತದೆ ಎಂದಿದ್ದೀರಿ. ನಿಲ್ಲದೆ ಇನ್ನೇನು ಮಾಡೀತು? ‘ಸಿ-ಎ-ಟಿ’ಯನ್ನು ಎಷ್ಟು ಬೇಗ ಹೇಳಿದರೂ ‘ಸಿಯೇಟಿ’ ಆಗುತ್ತದೆಯೇ ಹೊರತು ‘ಕ್ಯಾಟ್’ ಆಗುವುದಿಲ್ಲ. ಕನ್ನಡದಲ್ಲಿ ‘ಕ’ದ ಹೆಸರೂ ‘ಕ’, ಶಬ್ದವೂ ‘ಕ’. ಇಂಗ್ಲಿಷಿನಲ್ಲಿ ಹಾಗಿಲ್ಲ, ಎಚ್, ಡಬ್ಲ್ಯೂ, ವೈ ಅಕ್ಷರಗಳ ಹೆಸರಿನಲ್ಲಂತೂ ಅವುಗಳ ಶಬ್ದದ ಸುಳಿವೂ ಸಿಗದು. ಓದುವುದೇ ಗುರಿಯಾದರೆ ಶಬ್ದವೇ ಮೊದಲು. ಕಲಿತಿರುವ ಹೆಸರುಗಳಿಂದ ನಷ್ಟವೇನಿಲ್ಲ, ಮರೆಸಲು ಹೋಗಬೇಡಿ.

ಹೆಚ್ಚಿನ ತೊಂದರೆ ಹುಟ್ಟುವುದು ಕಲಿಸುವವರ ಬಾಯಲ್ಲಿ. ‘ಪ’, ‘ಟ’ ಎಂದು ಅಕಾರ ಸೇರಿಸಿ ಹೇಳಿಕೊಟ್ಟರೆ ಮಗು ‘ಪಿನ್’ ಪದವನ್ನು ‘ಪ-ಇ-ನ’ ಎಂದೇ ಜೋಡಿಸುತ್ತದೆ, ಪದ ಹೊರಡುವುದಿಲ್ಲ. ಹೇಳಬೇಕಾದ್ದು ಸ್ವರವಿಲ್ಲದ ‘ಪ್’, ‘ಟ್’, ‘ನ್’. ಗಂಟಲ ಮೇಲೆ ಬೆರಳಿಟ್ಟು ನೋಡಿ: ‘ಪ್’, ‘ಟ್’, ‘ಕ್’, ‘ಸ್’ ಹೇಳುವಾಗ ಕಂಪನ ಇರಬಾರದು, ಬರೀ ಗಾಳಿ. ‘ಬ್’, ‘ಡ್’, ‘ಗ್’ ಜೊತೆ ಚೂರು ‘ಅ’ ಬಂದೇ ಬರುತ್ತದೆ, ಅದನ್ನು ಆದಷ್ಟು ಗಿಡ್ಡ ಮಾಡಿ.

ಎ ಇಂದ ಝಡ್‌ವರೆಗೆ ಸಾಲಾಗಿ ಹೋಗಬೇಡಿ. ಎಸ್, ಎ, ಟಿ, ಪಿ, ಐ, ಎನ್ ಈ ಆರನ್ನು ಮೊದಲು ತೆಗೆದುಕೊಳ್ಳಿ, ಸಣ್ಣಕ್ಷರದಲ್ಲೇ. ಪುಸ್ತಕದಲ್ಲಿ ಹೆಚ್ಚು ಕಾಣುವುದು ಸಣ್ಣಕ್ಷರಗಳೇ. ಆರು ಬಂದರೆ ಸ್ಯಾಟ್, ಟ್ಯಾಪ್, ಪಿನ್, ಸಿಟ್, ಪ್ಯಾನ್ ಎಲ್ಲ ಓದಬಹುದು. 26 ಮುಗಿಯಲಿ ಎಂದು ಕಾಯುವುದು ಬೇಡ, ಮೂರು ಅಕ್ಷರ ಬಂದ ದಿನವೇ ಕೂಡಿಸಲು ಶುರು ಮಾಡಿ. ದಿನಕ್ಕೆ ಹತ್ತು ನಿಮಿಷ ಧಾರಾಳ.

ಕೂಡಿಸುವುದಕ್ಕೆ ಮೊದಲು ಅಕ್ಷರವಿಲ್ಲದೆ ಬಾಯಲ್ಲೇ ಆಡಿಸಿ: ನೀವು ‘ಸ್–ಇ–ಟ್’ ಎನ್ನಿ, ಮಗು ‘ಸಿಟ್’ ಎನ್ನಲಿ. ಇದು ಬಾರದಿದ್ದರೆ ಅಕ್ಷರ ನೋಡಿ ಕೂಡಿಸುವುದು ಇನ್ನೂ ಕಷ್ಟ. ಶುರುವಿಗೆ ‘ಸ್’, ‘ಮ್’, ‘ನ್’, ‘ಫ್’ನಿಂದ ಆರಂಭವಾಗುವ ಪದಗಳೇ ವಾಸಿ, ಏಕೆಂದರೆ ಆ ಶಬ್ದಗಳನ್ನು ನಡುವೆ ನಿಲ್ಲಿಸದೆ ಎಳೆಯಬಹುದು: ‘ಸ್ಸ್ಸ್ಆ್ಯಆ್ಯಟ್’. ‘ಟ್ಯಾಪ್’ ತರಹದ್ದರಲ್ಲಿ ‘ಟ್’ ಎಳೆಯಲಾಗದು. ‘ಟ್ಯಾ’ ಒಂದೇ ಉಸಿರಿಗೆ ಬರಲಿ, ‘ಪ್’ ಆಮೇಲೆ ಅಂಟಲಿ.

ಸ್ವರಗಳ ವಿಷಯದಲ್ಲಿ ಕನ್ನಡದ ಮಕ್ಕಳಿಗೆ ವಿಶೇಷ ಗೊಂದಲ. ‘ಎ’ ಎಂಬುದು ಮೊದಲ ಅಕ್ಷರದ ಹೆಸರು, ಆದರೆ ‘ಪೆನ್’ನಲ್ಲಿ ಬರುವ ‘ಎ’ ಶಬ್ದ ಐದನೆಯ ಅಕ್ಷರದ್ದು. ಆ ಐದನೆಯದರ ಹೆಸರು ‘ಈ’, ‘ಇ’ ಶಬ್ದವೋ ಐ ಅಕ್ಷರದ್ದು! ಹಾಗಾಗಿ ಎ ಮತ್ತು ಐ ಗಟ್ಟಿಯಾದ ಮೇಲೆಯೇ ಐದನೆಯದನ್ನು ತನ್ನಿ. ಸಣ್ಣಕ್ಷರದ ಬಿ ಮತ್ತು ಡಿ ಕೂಡ ಹಾಗೆಯೇ, ಒಂದೇ ವಾರ ಬೇಡ. ಒಂದು ಪೂರ್ತಿ ಕೈಗೆ ಹತ್ತಿದ ಮೇಲೆ ಇನ್ನೊಂದು.

ನಿಜವಾಗಿ ಓದುತ್ತಿದೆಯೋ, ಪದದ ಆಕಾರ ಬಾಯಿಪಾಠ ಆಗಿದೆಯೋ ಎಂದು ತಿಳಿಯಲು ಅರ್ಥವಿಲ್ಲದ ಪದ ಕೊಡಿ: ‘ನಿಸ್’, ‘ಟ್ಯಾಸ್’. ಇಂಗ್ಲೆಂಡಿನ ಶಾಲೆಗಳಲ್ಲಿ 2012ರಿಂದ ನಡೆಯುವ ಫೋನಿಕ್ಸ್ (ಅಕ್ಷರದ ಶಬ್ದ ಕೂಡಿಸಿ ಓದುವ ವಿಧಾನ) ಪರೀಕ್ಷೆಯ 40 ಪದಗಳಲ್ಲಿ ಅರ್ಧ ಇಂಥವೇ. ಚಿತ್ರವಿರುವ ಚಾರ್ಟ್ ಇಲ್ಲಿ ಕೆಲಸಕ್ಕೆ ಬಾರದು, ಮಗು ಚಿತ್ರ ನೋಡಿ ಊಹಿಸುತ್ತದೆ.

ಮೂರಕ್ಷರದ ಪದಗಳು ಸಲೀಸಾದ ಮೇಲೆ ಅಕ್ಷರಗಳ ಹೆಸರುಗಳಿಗೆ ಬನ್ನಿ. ಎಸ್-ಎಚ್ ಸೇರಿ ‘ಶ್’, ಸಿ-ಎಚ್ ಸೇರಿ ‘ಚ್’ ಎಂದು ಹೇಳಿಕೊಡುವ ಹೊತ್ತಿಗೆ ಅವು ಬೇಕೇ ಬೇಕು. ಸ್ಪೆಲ್ಲಿಂಗ್ ಬಾಯಲ್ಲಿ ಹೇಳುವುದಕ್ಕೂ.