ಎರಡನೇ ಸ್ಕ್ಯಾನ್‌ಗೇ ಸಿಗ್ನಲ್ ಮಾಯವಾದರೆ

ಎನ್‌ಎಂಆರ್‌ನಲ್ಲಿ (ಕಾಂತಕ್ಷೇತ್ರದಲ್ಲಿಟ್ಟ ಅಣುಗಳ ಸಿಗ್ನಲ್ ಓದುವ ವಿಧಾನ) ಸಿಗ್ನಲ್ ಯಾಕೆ ಮಾಯವಾಗುತ್ತದೆ ಅಂತ ಕೇಳಿದ್ದೀರಿ. ಪೈರುವೇಟನ್ನು ಲ್ಯಾಕ್ಟೇಟ್ ಮಾಡುವ ನಿಮ್ಮ ಎನ್‌ಜೈಮ್ ಸರಿಯಾಗೇ ಇದೆ ಅನಿಸುತ್ತದೆ. ತೊಂದರೆ ಬಹುಶಃ ನಿಮ್ಮ 90 ಡಿಗ್ರಿ ಪಲ್ಸ್‌ನದು, ಅಂದರೆ ಇರುವ ಸಿಗ್ನಲನ್ನೆಲ್ಲ ಒಂದೇ ಸಲ ಬಳಸಿಬಿಡುವ ರೇಡಿಯೋ ಮಿಡಿತದ್ದು. ಹೈಪರ್‌ಪೋಲರೈಸ್ಡ್ (ಸಿಗ್ನಲನ್ನು ಮೊದಲೇ ಕೃತಕವಾಗಿ ಬಹಳ ಹೆಚ್ಚಿಸಿಟ್ಟ) ಪೈರುವೇಟ್ ಹಾಕಿದಾಗ ಮೊದಲ ಸ್ಕ್ಯಾನ್‌ನಲ್ಲಿ ದೊಡ್ಡ ಪೀಕ್, ಆಮೇಲೆ ಏನೂ ಇಲ್ಲ, ಲ್ಯಾಕ್ಟೇಟ್ ಕಾಣಲೇ ಇಲ್ಲ ಅಂದಿರಿ. ಮಾಮೂಲಿ ಎನ್‌ಎಂಆರ್‌ನಲ್ಲಿ ಸ್ವಲ್ಪ ಕಾದರೆ ಸಿಗ್ನಲ್ ಮರಳುತ್ತದೆ. ಇಲ್ಲಿ ಮರಳುವುದಿಲ್ಲ. ಇದು ಕೊಡದಲ್ಲಿ ತುಂಬಿಟ್ಟ ನೀರಿನ ಹಾಗೆ, ಒಂದೇ ಸಲ ಸುರಿದರೆ ಮುಗಿಯಿತು ಅಲ್ವಾ?

ಮೊದಲು ಪಲ್ಸ್ ಕೋನವನ್ನು 10 ಡಿಗ್ರಿಗೆ ಇಳಿಸಿ. ಆಗ ಪ್ರತಿ ಸ್ಕ್ಯಾನ್‌ಗೆ ಖರ್ಚಾಗುವುದು ಶೇ. 1.5 ಮಾತ್ರ, ಆದರೂ 90 ಡಿಗ್ರಿಯಲ್ಲಿ ಸಿಗುವುದರ ಶೇ. 17ರಷ್ಟು ಸಿಗ್ನಲ್ ಸಿಗುತ್ತದೆ! 2 ಸೆಕೆಂಡಿಗೊಂದರಂತೆ 60 ಸ್ಕ್ಯಾನ್ ಇಡಿ. ದ್ರಾವಣ ಹಾಕುವ ಮೊದಲೇ ರೆಕಾರ್ಡಿಂಗ್ ಶುರುವಾಗಿರಲಿ, ಇಲ್ಲವಾದರೆ ಮೊದಲ ಸೆಕೆಂಡುಗಳು ಸುಮ್ನೆ ಹೋಗುತ್ತವೆ.

ಸಿ-1 ಲೇಬಲ್ (ಅಣುವಿನ ಮೊದಲ ಇಂಗಾಲದ ಜಾಗದಲ್ಲಿ ಕಾರ್ಬನ್-13) ಇದ್ದರೆ ಪೈರುವೇಟ್ ಸುಮಾರು 171 ಪಿಪಿಎಂನಲ್ಲಿ (ಪೀಕ್ ಇರುವ ಜಾಗ ಹೇಳುವ ಅಳತೆ), ಲ್ಯಾಕ್ಟೇಟ್ 183ರಲ್ಲಿ ಕಾಣುತ್ತದೆ. ನಡುವೆ 179ರಲ್ಲಿ ಬರುವ ಚಿಕ್ಕ ಪೀಕ್ ಪೈರುವೇಟ್ ಹೈಡ್ರೇಟ್‌ನದು (ನೀರು ಸೇರಿಕೊಂಡ ಪೈರುವೇಟ್). ಅದನ್ನೇ ಲ್ಯಾಕ್ಟೇಟ್ ಅಂದುಕೊಳ್ಳಬೇಡಿ, ಎನ್‌ಜೈಮ್ ಇಲ್ಲದಿದ್ದರೂ ಅದು ಇರುತ್ತದೆ.

ಆಮೇಲೂ ಬೇಗ ಕುಸಿದರೆ ಎನ್‌ಜೈಮ್ ಇಲ್ಲದೆ ಒಮ್ಮೆ ಓಡಿಸಿ. ಸಿಗ್ನಲ್ ಒಂದು ನಿಮಿಷದ ಆಸುಪಾಸಿನ ಬದಲು ಕೆಲವೇ ಸೆಕೆಂಡಿನಲ್ಲಿ ಸತ್ತರೆ, ಹೈಪರ್‌ಪೋಲರೈಸ್ ಮಾಡಲು ಬೆರೆಸುವ, ದ್ರಾವಣದಲ್ಲಿ ಉಳಿದರೆ ಸಿಗ್ನಲ್ ನುಂಗುವ ರ್‍ಯಾಡಿಕಲ್ ಮೇಲೆ ನನಗೆ ಅನುಮಾನ. ನೀವು ಯಾವುದು ಬಳಸಿದ್ದೀರಿ ಅಂತ ಬರೆದಿಲ್ಲ. ನೈಟ್ರಾಕ್ಸೈಡ್ ಬಗೆಯದಾಗಿದ್ದರೆ ಅದನ್ನು ನಿಷ್ಕ್ರಿಯಗೊಳಿಸಲು ಕರಗಿಸುವ ಬಫರ್‌ಗೆ ಆಸ್ಕಾರ್ಬೇಟ್ (ವಿಟಮಿನ್ ಸಿ) ಸೇರಿಸಿ ನೋಡಿ.