ಬೇರೆ ದೇಶದಲ್ಲಿದ್ದೇನೆ, ಅಲ್ಲಿನ ಬ್ಯಾಂಕ್ ಕಾರ್ಡ್ ಇಲ್ಲ. ಆನ್‌ಲೈನ್ ಶಾಪಿಂಗ್‌ಗೆ ದುಡ್ಡು ಕಟ್ಟೋದು ಹೇಗೆ?

ಕೆಲವು ತಿಂಗಳಿಗೆ ಅಂತ ಬಂದಿದ್ದೀರಿ, ಇನ್ನೂ ಅಲ್ಲಿ ಖಾತೆ ತೆರೆಯಲು ಆಗಿಲ್ಲ, ಜೊತೆಗೆ ತಂದ ಕಾರ್ಡ್ ಹಾಕಿದರೆ ಅಲ್ಲಿನ ವೆಬ್‌ಸೈಟ್ ಒಪ್ಪುತ್ತಿಲ್ಲ ಅಂತ ಬರೆದಿದ್ದೀರಿ. ನನಗೂ ಹೀಗೇ ಆಗಿತ್ತು. ವಿದೇಶಕ್ಕೆ ಹೋದ ಎರಡನೇ ವಾರ ಒಂದು ಕಂಬಳಿ ತರಿಸೋಣ ಅಂತ ಕೂತು, ಒಂದೇ ಕಾರ್ಡನ್ನು ಐದು ಸಲ ಹಾಕಿದೆ. ಆರನೇ ಸಲ ಹಾಕುವಷ್ಟರಲ್ಲಿ ನನ್ನ ಬ್ಯಾಂಕೇ ಕಾರ್ಡ್ ಬ್ಲಾಕ್ ಮಾಡಿತು. ಯಾರೋ ಕದ್ದು ಬಳಸುತ್ತಿದ್ದಾರೆ ಅಂದುಕೊಂಡರಂತೆ! ಹಾಗಾಗಿ ಎರಡು ಸಲ ಆಗಲಿಲ್ಲ ಅಂದರೆ ಕೈ ಬಿಡಿ, ಎಲ್ಲಿ ತಡೆಯುತ್ತಿದೆ ಅಂತ ಮೊದಲು ನೋಡಿ.

ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವಹಿವಾಟು, ಆನ್‌ಲೈನ್ ವಹಿವಾಟು ಎರಡೂ ಆನ್ ಇದೆಯಾ? ಒಂದನ್ನು ಆನ್ ಮಾಡಿ ಇನ್ನೊಂದನ್ನು ಮರೆಯುವವರೇ ಜಾಸ್ತಿ. ಒಟಿಪಿ ಹಳೆಯ ನಂಬರ್‌ಗೇ ಬರುತ್ತದೆ, ಹಾಗಾಗಿ ಆ ಸಿಮ್ ರೋಮಿಂಗ್‌ನಲ್ಲಿ ಕೆಲಸ ಮಾಡುತ್ತಿರಬೇಕು. ಒಟಿಪಿ ಬದಲು ಆ್ಯಪ್‌ನಲ್ಲೇ ಒಪ್ಪಿಗೆ ಕೊಡುವ ವ್ಯವಸ್ಥೆ ನಿಮ್ಮ ಬ್ಯಾಂಕಿನಲ್ಲಿದ್ದರೆ ಅದಕ್ಕೇ ಬದಲಾಯಿಸಿಕೊಳ್ಳಿ.

ನಾನು ನಿಜಕ್ಕೂ ಎಡವಿದ್ದು ವಿಳಾಸದಲ್ಲಿ. ಅಮೆರಿಕ, ಕೆನಡಾ, ಬ್ರಿಟನ್‌ನ ಎಷ್ಟೋ ಅಂಗಡಿಗಳು ಬಿಲ್ಲಿಂಗ್ ವಿಳಾಸದ ಅಂಕಿಗಳನ್ನೂ ಪೋಸ್ಟಲ್ ಕೋಡನ್ನೂ ಕಾರ್ಡ್ ಕೊಟ್ಟ ಬ್ಯಾಂಕಿನ ದಾಖಲೆಯ ಜೊತೆ ತಾಳೆ ನೋಡುತ್ತವೆ. ನಾನು ಬಾಡಿಗೆ ಮನೆಯ ವಿಳಾಸವನ್ನೇ ಎರಡೂ ಕಡೆ ತುಂಬಿದ್ದೆ. ಬಿಲ್ಲಿಂಗ್ ವಿಳಾಸದ ಜಾಗದಲ್ಲಿ ಹಾಕಬೇಕಾದದ್ದು ಬ್ಯಾಂಕಿನಲ್ಲಿರುವ ವಿಳಾಸ. ಸಾಮಾನು ತಲುಪಬೇಕಾದ ವಿಳಾಸ ಬೇರೆ, ಅದಕ್ಕೆ ಪ್ರತ್ಯೇಕ ಜಾಗ ಇರುತ್ತದೆ. ಸರಿ, ತಿದ್ದೋಣ ಅಂದರೆ ಆ ಫಾರಂ ಪೋಸ್ಟಲ್ ಕೋಡಿಗೆ ಐದೇ ಅಂಕಿ ತೆಗೆದುಕೊಳ್ಳುತ್ತಿತ್ತು, ನನ್ನ ಪಿನ್‌ಕೋಡ್‌ನದು ಆರು. ಅರ್ಧ ದಿನ ಒದ್ದಾಡಿದ ಮೇಲೆ ಕಂಡಿತು, ಮೇಲೆ ಮೂಲೆಯಲ್ಲಿ ದೇಶ ಆರಿಸುವ ಒಂದು ಪುಟ್ಟ ಬಾಣದ ಗುರುತು. ಅದನ್ನು ಬದಲಾಯಿಸಿದ ಕೂಡಲೇ ಆರನೇ ಅಂಕಿಯೂ ಹಿಡಿಸಿತು.

ಕೆಲವು ಅಂಗಡಿಗಳು ಹೊರದೇಶದ ಕಾರ್ಡನ್ನು ತೆಗೆದುಕೊಳ್ಳುವುದೇ ಇಲ್ಲ. ಕಾರ್ಡ್ ಸಂಖ್ಯೆಯ ಮೊದಲ 6 ಅಥವಾ 8 ಅಂಕಿ ನೋಡಿದರೆ ಯಾವ ದೇಶದ ಯಾವ ಬ್ಯಾಂಕಿನದು ಅಂತ ಗೊತ್ತಾಗಿಬಿಡುತ್ತದೆ. ಆಗ ಬ್ಯಾಂಕಿಗೆ ಫೋನ್ ಮಾಡಿ ಪ್ರಯೋಜನವಿಲ್ಲ, ಸುತ್ತು ದಾರಿ ಹಿಡಿಯಬೇಕು. ನಿಮ್ಮ ಕಾರ್ಡ್ ಜೋಡಿಸಿದ ಪೇಪಾಲ್ (ಆನ್‌ಲೈನ್‌ನಲ್ಲಿ ದುಡ್ಡು ಕಟ್ಟುವ ಸೇವೆ) ಖಾತೆ ಮೊದಲಿಂದ ಇದ್ದರೆ, ಅಂಗಡಿಯಲ್ಲಿ ಆ ಬಟನ್ ಇದ್ದರೆ, ಅದನ್ನು ಪ್ರಯತ್ನಿಸಿ. ಆದರೆ ಸುಳ್ಳು ವಿಳಾಸ ಕೊಟ್ಟು ಹೊಸ ಖಾತೆ ತೆರೆಯೋಕೆ ಹೋಗಬೇಡಿ. ಖಾತೆ ತಡೆಹಿಡಿದರೆ ಒಳಗಿರುವ ದುಡ್ಡೂ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಇದಕ್ಕಿಂತ ನನಗೆ ಇಷ್ಟವಾದ ದಾರಿ ನಗದು. ಆನ್‌ಲೈನ್ ಅಂದರೆ ಕಾರ್ಡೇ ಬೇಕು ಅಂತೇನಿಲ್ಲ, ಅಲ್ವಾ? ಜಪಾನಿನಲ್ಲಿ ಎಷ್ಟೋ ಸೈಟ್‌ಗಳಲ್ಲಿ ಕೊಂಬಿನಿ ಅನ್ನೋ ಆಯ್ಕೆ ಇರುತ್ತದೆ. ಒಂದು ಸಂಖ್ಯೆ ಕೊಡುತ್ತಾರೆ, ಬೀದಿ ಮೂಲೆಯ ಅಂಗಡಿಗೆ ಹೋಗಿ ಅದನ್ನು ತೋರಿಸಿ ನೋಟು ಎಣಿಸಿ ಕೊಟ್ಟರೆ ಆಯಿತು. ಮೆಕ್ಸಿಕೋದಲ್ಲಿ ಆಕ್ಸೊ ಅಂಗಡಿಗಳಲ್ಲಿ ಹೀಗೇ ಕಟ್ಟಬಹುದು. ಚೀನಾದಲ್ಲಾದರೆ ಅಲಿಪೇ, ವೀಚಾಟ್ ಪೇಗೆ ಹೊರಗಿನ ವೀಸಾ, ಮಾಸ್ಟರ್‌ಕಾರ್ಡ್ ಜೋಡಿಸಬಹುದು. ಆದರೆ ನೆದರ್ಲೆಂಡ್ಸ್‌ನ ಐಡಿಯಲ್, ಪೋಲೆಂಡಿನ ಬ್ಲಿಕ್ ಇವೆಲ್ಲ ಅಲ್ಲಿನ ಬ್ಯಾಂಕ್ ಖಾತೆಗೇ ಅಂಟಿಕೊಂಡವು, ಸುಮ್ನೆ ಆ ಬಟನ್ ಒತ್ತಿ ಸಮಯ ಹಾಳು ಮಾಡಬೇಡಿ.

ಇನ್ನೊಂದು ದಾರಿ, ಅದೇ ಅಂಗಡಿಯ ಗಿಫ್ಟ್ ಕಾರ್ಡನ್ನು ಹೊರಗೆ ನಗದು ಕೊಟ್ಟು ಕೊಂಡು ನಿಮ್ಮ ಖಾತೆಗೆ ತುಂಬಿಕೊಳ್ಳೋದು. ಯಾವ ದೇಶದ ಸೈಟೋ ಆ ದೇಶದ ಕಾರ್ಡೇ ಆಗಬೇಕು. ಅಮೆಜಾನ್‌ನದೂ ಅಷ್ಟೇ, ಒಂದು ದೇಶದ ಗಿಫ್ಟ್ ಕಾರ್ಡ್ ಇನ್ನೊಂದು ದೇಶದ ಸೈಟಿನಲ್ಲಿ ನಡೆಯೋದಿಲ್ಲ. ಪರಿಚಯದವರ ಕಾರ್ಡಲ್ಲಿ ಕಟ್ಟಿಸಿ ಕೈಗೆ ದುಡ್ಡು ಕೊಟ್ಟರೂ ತಪ್ಪೇನಿಲ್ಲ. ಗುರುತೇ ಇಲ್ಲದವರು ‘ಕಡಿಮೆಗೆ ಕಟ್ಟಿಕೊಡ್ತೀನಿ’ ಅಂದರೆ ಮಾತ್ರ ದೂರ ಇರಿ. ಅದು ಕದ್ದ ಕಾರ್ಡ್ ಆಗಿರಬಹುದು.

ನಿಮ್ಮ ಕಾರ್ಡ್ ನಡೆದೇ ಬಿಟ್ಟರೆ, ಕೊನೆಯಲ್ಲಿ ‘ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ’ ಅಂತ ಕೇಳಬಹುದು. ಬೇಡ ಅನ್ನಿ. ಆ ಲೆಕ್ಕದಲ್ಲಿ ವಿನಿಮಯ ದರ ಸಾಮಾನ್ಯವಾಗಿ ದುಬಾರಿ.

ಕಂಬಳಿ ಕಥೆ ಮುಗಿಸಿಬಿಡುತ್ತೇನೆ. ಕಾರ್ಡ್ ಬ್ಲಾಕ್ ಆಗಿದ್ದರಿಂದ ಕೊನೆಗೆ ನಗದು ಕೊಟ್ಟು ತಂದ ಪ್ರೀಪೇಯ್ಡ್ ಕಾರ್ಡಲ್ಲಿ ಕಟ್ಟಿದೆ. ಬಾಕಿ ಸೊನ್ನೆಯಾಯಿತು, ಕಾರ್ಡ್ ಕಸದ ಬುಟ್ಟಿಗೆ ಹೋಯಿತು. ಕಂಬಳಿ ಚಿಕ್ಕದಾಯಿತು ಅಂತ ವಾಪಸ್ ಕಳಿಸಿದೆ. ಅಂಗಡಿಯವರು ಪಾಪ, ಎರಡೇ ದಿನದಲ್ಲಿ ದುಡ್ಡು ಹಿಂದಿರುಗಿಸಿದರು, ಅದೇ ಕಾರ್ಡಿಗೆ. ವಾಪಸ್ ಕಳಿಸುವ ಅವಧಿ ಮುಗಿಯೋವರೆಗೂ ಖಾಲಿ ಕಾರ್ಡನ್ನೂ ಎಸೆಯಬೇಡಿ.