ಪಾದ ಜೋಮು ಹಿಡಿಯುತ್ತಿದೆ, ನರಗಳಿಗಾಗಿ ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳುವುದು ಹೇಗೆ?

ದಯವಿಟ್ಟು ಹೆಚ್ಚಿಸಿಕೊಳ್ಳಲು ಹೋಗಬೇಡಿ. ನಾನೂ ನಿಮ್ಮ ಹಾಗೇ ನಿಶ್ಶಕ್ತಿ ಅಂದುಕೊಂಡು ಬಿ12 ಮಾತ್ರೆ ನುಂಗುತ್ತಾ ಕೂತಿದ್ದೆ. ನನಗಿದ್ದದ್ದು ಸಿಐಡಿಪಿ ಎಂಬ ನರರೋಗ. ನನ್ನದೇ ರೋಗನಿರೋಧಕ ವ್ಯವಸ್ಥೆ ನನ್ನ ನರಗಳ ಮೇಲೆ ತಿರುಗಿಬಿದ್ದಿತ್ತು. ನರದ ಎಳೆಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಸೋಂಕನ್ನು ನುಂಗಬೇಕಾದ ಮ್ಯಾಕ್ರೋಫೇಜ್ ಕೋಶಗಳು ಆ ಹೊದಿಕೆಯನ್ನೇ ಪದರ ಪದರವಾಗಿ ಕೀಳುತ್ತವೆ. ಅಲ್ಲಿ ಸಂಕೇತ ನಿಧಾನವಾಗುತ್ತದೆ, ಕೆಲವೆಡೆ ನಿಂತೇ ಹೋಗುತ್ತದೆ.

ನಾನು ಎಡವಿದ್ದು ಎಲ್ಲಿ ಅಂದರೆ, ಜೋಮನ್ನಷ್ಟೇ ಲೆಕ್ಕಕ್ಕೆ ತಗೊಂಡೆ, ಬಲ ಹೋಗುತ್ತಿದ್ದುದನ್ನು ಬಿಟ್ಟೆ. ಚಪ್ಪಲಿ ಜಾರಿ ಹಿಂದೆ ಉಳಿದದ್ದೂ ಗೊತ್ತಾಗದೆ ನಡೆದು ಹೋಗಿದ್ದೇನೆ. ಅದು ಪಾದದ ತೊಂದರೆ, ಸರಿ. ಆದರೆ ನೆಲದಿಂದ ಏಳಲು ತೊಡೆಗೆ ಕೈ ಊರಬೇಕಾಗಿತ್ತು. ತಲೆ ಬಾಚಲು ಎತ್ತಿದ ತೋಳು ಅರ್ಧಕ್ಕೇ ಸೋತು ಇಳಿಯುತ್ತಿತ್ತು. ಸಕ್ಕರೆ ಕಾಯಿಲೆಯ ನರತೊಂದರೆ ಸಾಮಾನ್ಯವಾಗಿ ಪಾದದಲ್ಲಿ ಶುರುವಾಗಿ ನಿಧಾನಕ್ಕೆ ಮೇಲೇರುತ್ತದೆ. ಪಾದದ ಜೊತೆಗೇ ತೊಡೆ, ಭುಜಗಳೂ ಸೋಲುತ್ತಿದ್ದರೆ ಬೇರೆಯದೇ ಅನುಮಾನ ಬರಬೇಕು. ನಾನೋ ಏಳಲಾಗದ್ದಕ್ಕೆ ವಯಸ್ಸು, ತೋಳಿಗೆ ಸುಸ್ತು, ಹೀಗೆ ಒಂದೊಂದಕ್ಕೂ ಒಂದೊಂದು ಕಾರಣ ಹಚ್ಚಿದೆ. ಎಲ್ಲವನ್ನೂ ಒಟ್ಟಿಗಿಟ್ಟು ನೋಡಲೇ ಇಲ್ಲ.

ಕೊನೆಗೆ ನರತಜ್ಞರು ಮಂಡಿಗೆ ಸುತ್ತಿಗೆಯಿಂದ ತಟ್ಟಿದರು. ಕಾಲು ಅಲುಗಲಿಲ್ಲ. ಹಿಮ್ಮಡಿ, ಮೊಣಕೈ, ಎಲ್ಲೂ ಇಲ್ಲ. ನರದ ವೇಗ ಅಳೆಯುವ ಎನ್‌ಸಿಎಸ್ ಪರೀಕ್ಷೆಯಾಯಿತು. ಬೆನ್ನುಹುರಿ ದ್ರವದಲ್ಲಿ ಪ್ರೋಟೀನ್ ಏರಿತ್ತು, ಬಿಳಿ ರಕ್ತಕಣ ಮಾತ್ರ ಮಾಮೂಲಾಗಿತ್ತು. ಹೊದಿಕೆ ಮತ್ತೆ ಬೆಳೆಯಬಲ್ಲದು, ಆದರೆ ಒಳಗಿನ ಎಳೆಯೇ ಹಾಳಾದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರ್‌ನಷ್ಟೇ ಬೆಳೆಯುತ್ತದೆ. ನನ್ನ ಬಲಪಾದ ಈಗಲೂ ಪೂರ್ತಿ ಮೇಲೆತ್ತಲು ಬರುವುದಿಲ್ಲ.

ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ರಕ್ತನಾಳಕ್ಕೆ ಕೊಡುವುದು), ಸ್ಟೆರಾಯ್ಡ್, ಪ್ಲಾಸ್ಮಾ (ರಕ್ತದ ದ್ರವಭಾಗ) ಬದಲಾವಣೆ, ಈ ರೋಗದ ಮುಖ್ಯ ಚಿಕಿತ್ಸೆಗಳೆಲ್ಲ ರೋಗನಿರೋಧಕ ವ್ಯವಸ್ಥೆಯನ್ನು ತಣ್ಣಗಾಗಿಸುವಂಥವು. ಹಾಗಿರುವಾಗ 'ಇಮ್ಯುನಿಟಿ' ಪುಡಿಗಳಿಂದ ಏನು ಸಾಧಿಸುತ್ತೀರಿ? ಎಲ್ಲರ ಜೋಮೂ ಇದೇ ಆಗಿರುವುದಿಲ್ಲ, ನಿಜ. ಸಕ್ಕರೆ, ಬಿ12, ಥೈರಾಯ್ಡ್ ರಕ್ತಪರೀಕ್ಷೆಯಲ್ಲೇ ತಿಳಿಯುತ್ತವೆ, ಮೊದಲು ಮಾಡಿಸಿ. ಮಂಡಿ ತಟ್ಟಿ ನೋಡಿ ಎಂದು ವೈದ್ಯರನ್ನು ನೀವೇ ಕೇಳಿ.

ಇನ್ನೊಂದು ಮಾತು. ಸಿಐಡಿಪಿ 8 ವಾರಕ್ಕೂ ಮೀರಿ ಹೆಚ್ಚುತ್ತಾ ಹೋಗುತ್ತದೆ. ಹೀಗೆಯೇ ನರಗಳ ಮೇಲೆ ತಿರುಗಿಬೀಳುವ, ಆದರೆ ದಿಢೀರನೆ ಬರುವ ಗಿಲಾನ್-ಬಾರೆ ಎಂಬ ರೋಗ ಅಷ್ಟು ಕಾಯುವುದಿಲ್ಲ, 4 ವಾರದೊಳಗೇ ತುದಿ ಮುಟ್ಟುತ್ತದೆ. ಭೇದಿಯೋ ಜ್ವರವೋ ಬಂದುಹೋದ ಮೇಲೆ ದಿನದಿಂದ ದಿನಕ್ಕೆ ಕಾಲಿನ ಬಲ ಕುಸಿಯುತ್ತಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಇಲ್ಲಿ ಉತ್ತರ ಓದುತ್ತಾ ಕೂರಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೋಗಿ.